ಹಲ್ಲುಮಾವನ ಕೋಣೆ ಮತ್ತು ಮೆಸ್ ಎಂಬ ಮಾತು

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸವೆಂದರೆ ಪದಗಳಿಗೆ ಅರ್ಥ ಬರೆಯುವುದು. ಶಾಲೆಯ ಮಕ್ಕಳಿಗಾಗಿ ಇಂಗ್ಲಿಷ್-ಕನ್ನಡ ನಿಘಂಟು ಮಾಡುತ್ತಿರುವ ಒಂದು ಸಣ್ಣ ಪ್ರಕಾಶನದಲ್ಲಿ ಕಿಟಕಿ ಪಕ್ಕದ ಮೇಜು ನನ್ನದು. ನಮ್ಮ ಸೋದರಮಾವನ ಹೆಂಡತಿ, ಅಂದರೆ ನಮ್ಮತ್ತೆ, ನನ್ನನ್ನು ನೆಂಟರಿಗೆ ಪರಿಚಯ ಮಾಡಿಕೊಡುವುದು ಹೀಗೆ: “ಇವಳು ಅರ್ಥ ಹೇಳೋ ಕೆಲಸದಲ್ಲಿದಾಳೆ. ಇವಳು ಹೇಳೋದು ಮಾತ್ರ ಯಾರಿಗೂ ಅರ್ಥ ಆಗಲ್ಲ.”

ಆಗ ನನ್ನ ಪಾಲಿಗೆ ಬಂದಿದ್ದ ಪದ ‘ಮೆಸ್’. ಊಟ ಹಾಕುವ ಮೆಸ್ ಅಲ್ಲ. ಅದನ್ನು ಬೇರೆ ನಮೂದು ಮಾಡಿ ಸಹೋದ್ಯೋಗಿಯೊಬ್ಬರು ಆಗಲೇ ಮುಗಿಸಿದ್ದರು. ನನಗೆ ಸಿಕ್ಕಿದ್ದು ಮನೆ ಮೆಸ್ ಆಗಿದೆ, ತಲೆ ಮೆಸ್ ಆಗಿದೆ ಎಂದು ಎಲ್ಲರೂ ಹೊತ್ತಿಗೊಂದು ಸಲ ಅನ್ನುತ್ತಾರಲ್ಲ, ಆ ಮೆಸ್. ಇದೇನು ಮಹಾ ಅಂದುಕೊಂಡು ‘ಅಸ್ತವ್ಯಸ್ತತೆ’ ಎಂದು ಬರೆದು ಕೊಟ್ಟೆ. ನಮ್ಮ ಸಂಪಾದಕರು ಹಣೆ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಓದಿದರು.

“ನಿಮ್ಮನೇಲಿ ಯಾರಾದ್ರೂ ಹೀಗಂತಾರೇನಮ್ಮ? ಅಯ್ಯೋ, ಅಡುಗೆಮನೆ ಎಲ್ಲಾ ಅಸ್ತವ್ಯಸ್ತತೆ ಆಗೋಯ್ತು ಅಂತ?”

ನನಗೆ ಮೈಯೆಲ್ಲ ಉರಿಯಿತು, ಯಾಕೆಂದರೆ ಅವರು ಹೇಳಿದ್ದು ಸರಿಯಾಗಿತ್ತು. ಹೊಡೆದು ಹಾಕಿ ‘ಚೆಲ್ಲಾಪಿಲ್ಲಿ’ ಎಂದು ಬರೆದೆ. ಸಾಮಾನಿಗಾದರೆ ಸರಿ, ಕೈಯೆಲ್ಲ ಕೆಸರಾದ ಮಗುವಿಗೆ ಏನನ್ನುತ್ತೀರಿ ಎಂದರು. ಗಲೀಜು ಎಂದೆ. ಪರೀಕ್ಷೆ ಕೆಡಿಸಿಕೊಂಡು ಬಂದವನಿಗೆ? ಎಡವಟ್ಟು. ಆಸ್ತಿ ವಿಷಯಕ್ಕೆ ಅಣ್ಣತಮ್ಮಂದಿರು ಮಾಡಿಕೊಂಡಿದ್ದಕ್ಕೆ? ರಾಡಿ. ಯಾರು ಏನು ಹೇಳುತ್ತಿದ್ದಾರೆಂದು ತಿಳಿಯದ ಸಭೆಗೆ? ಗೋಜಲು. ಕನ್ನಡದಲ್ಲಿ ಒಂದೊಂದಕ್ಕೂ ಬೇರೆ ಬೇರೆ ಮಾತಿದೆ, ಇವೆಲ್ಲಕ್ಕೂ ಆ ಇಂಗ್ಲಿಷ್ ಪದ ಒಂದೇ ಹೇಗೆ ಸಾಕಾಗುತ್ತದೆ ಎಂದು ನನ್ನ ತಲೆಗೆ ಹುಳ ಹೊಕ್ಕಿತು. “ಕೂತಲ್ಲಿ ಸಿಗಲ್ಲ ಇದು. ಜನ ಯಾವಾಗ ಹಾಗಂತಾರೆ ಅಂತ ಕೇಳಿಸ್ಕೊಂಡು ಬನ್ನಿ,” ಎಂದರು ಸಂಪಾದಕರು.

ಎಲ್ಲಿಗೆ ಹೋಗಬೇಕೆಂದು ನನಗೆ ಯೋಚನೆಯೇ ಇರಲಿಲ್ಲ. ನಮ್ಮ ಕಚೇರಿಯ ಹಿಂದಿನ ಗಲ್ಲಿಯಲ್ಲೇ ಸೋದರಮಾವನ ಮನೆ. ಮಧ್ಯಾಹ್ನದ ಊಟ ನನಗೆ ಅಲ್ಲೇ. ಮಾವನ ಕೆಲಸದ ಕೋಣೆಯನ್ನು ನೋಡಿದವರಾರೂ ಆ ಪದ ಹೇಳದೆ ಹೊರಗೆ ಬಂದದ್ದಿಲ್ಲ.

ಮಾವ ಹಲ್ಲಿನ ಸೆಟ್ ಮಾಡುವವರು. ಹಲ್ಲೆಲ್ಲ ಉದುರಿದವರ ಬಾಯಿಯ ಅಳತೆಯನ್ನು ಹಲ್ಲಿನ ಡಾಕ್ಟರು ಮೆತ್ತನೆಯ ಪೇಸ್ಟಿನಲ್ಲಿ ಒತ್ತಿ ತೆಗೆದು ಕಳಿಸುತ್ತಾರೆ. ಅದರಲ್ಲಿ ಮಾವ ಪ್ಲಾಸ್ಟರ್ ಸುರಿದು ದವಡೆಯ ಅಚ್ಚು ಮಾಡುತ್ತಾರೆ. ಅಚ್ಚಿನ ಮೇಲೆ ಮೇಣ ಕೂರಿಸಿ, ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸಿ, ಕೊನೆಗೆ ಗಟ್ಟಿ ಸೆಟ್ ಮಾಡಿ ಕಳಿಸುತ್ತಾರೆ. ಸೆಟ್ ಮಾಡುವಾಗ ಮೊದಲಿನ ಅಚ್ಚು ಒಡೆದು ಹೋಗುತ್ತದೆ. ಅದಕ್ಕೇ ಪ್ರತಿಯೊಬ್ಬರದೂ ಇನ್ನೊಂದು ಅಚ್ಚು ಮಾಡಿ ಇಟ್ಟುಕೊಳ್ಳುವುದು ಅವರ ರೂಢಿ. ನಾಳೆ ಸೆಟ್ ಬಿರುಕು ಬಿಟ್ಟು ಬಂದರೆ ಅದೇ ಅಚ್ಚಿನ ಮೇಲಿಟ್ಟು ಸರಿ ಮಾಡಬಹುದು. ಊರೆಲ್ಲ ಅವರನ್ನು ಹಲ್ಲುಮಾವ ಅನ್ನುತ್ತದೆ. ಹುಟ್ಟಿದಾಗ ಇಟ್ಟ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತು.

ಆ ಅಚ್ಚುಗಳ ಮೇಲೆ ಮಾವ ಹೆಸರು ಬರೆದವರಲ್ಲ. ಯಾರಾದರೂ ಬಾಗಿಲಲ್ಲಿ ಬಂದು ನಿಂತರೆ ಸಾಕು, ಎದ್ದು ಹೋಗಿ ರಾಶಿಯೊಳಗೆ ಕೈ ಹಾಕಿ ಅವರದ್ದೇ ದವಡೆಯನ್ನು ತೆಗೆದು ಮುಂದಿಡುತ್ತಿದ್ದರು. “ಹೆಸರು ಯಾಕ್ರೀ, ಬಾಯೇ ಹೇಳುತ್ತಲ್ಲ,” ಅನ್ನುವುದು ಅವರ ಜಂಬ. ಹೀಗೆ ಎಷ್ಟೋ ವರ್ಷಗಳ ದವಡೆಗಳು ಆ ಉದ್ದನೆಯ ಕೋಣೆಯನ್ನು ತುಂಬಿಕೊಂಡಿದ್ದವು. ಕಪಾಟು ತುಂಬಿ, ಬೆಂಚು ತುಂಬಿ, ಬೆಂಚಿನ ಕೆಳಗೆ, ಕಿಟಕಿ ಕಟ್ಟೆಯ ಮೇಲೆ, ಅತ್ತೆಯ ಹೊಲಿಗೆ ಯಂತ್ರದ ಮೇಲೆ. ಗಾಳಿಗೆ ಬಾಗಿಲು ಬಡಿಯದಿರಲಿ ಎಂದು ಒತ್ತಿಟ್ಟಿದ್ದೂ ಯಾರದೋ ಕೆಳದವಡೆಯೇ. ನಡುವೆ ಮೇಣದ ತುಂಡುಗಳು, ಒಸಡಿನ ಬಣ್ಣದ ಪುಡಿಯ ಡಬ್ಬಿಗಳು, ಕುಡಿದು ಮರೆತ ಟೀ ಲೋಟಗಳು. ಕಾಲಿಡುವ ಮೊದಲು ಕಾಲಿಗೆ ಜಾಗ ಹುಡುಕಬೇಕು.

ಅವತ್ತು ನಾನು ಊಟಕ್ಕೆ ಹೋದಾಗ ಆ ಕೋಣೆಯಲ್ಲಿ ಡಾಕ್ಟರಮ್ಮ ನಿಂತಿದ್ದರು. ಮಾವನಿಗೆ ಜೀವಮಾನವೆಲ್ಲ ಕೆಲಸ ಕೊಟ್ಟ ಹಿರಿಯ ಡಾಕ್ಟರ ಮಗಳು ಇವರು. ಅಪ್ಪ ಹೋದ ಮೇಲೆ ಚಿಕಿತ್ಸಾಲಯ ನಡೆಸುತ್ತಿದ್ದಾರೆ. ಹಿಂದಿನ ವಾರ ಮಾವ ಕಳಿಸಿದ ಎರಡು ಸೆಟ್‌ಗಳು ಅದಲುಬದಲಾಗಿ ಇವರ ಹಲ್ಲು ಅವರ ಬಾಯಿಗೆ, ಅವರದು ಇವರಿಗೆ ಹೋಗಿ, ಒಬ್ಬ ಅಜ್ಜಿಯ ಒಸಡೆಲ್ಲ ಹುಣ್ಣಾಗಿತ್ತಂತೆ. ಡಾಕ್ಟರಮ್ಮ ಕೂಗಾಡಲಿಲ್ಲ. ಕೋಣೆಯನ್ನು ಒಂದು ಸುತ್ತು ನೋಡಿ, ಸಣ್ಣ ದನಿಯಲ್ಲಿ, “ಇದೆಲ್ಲಾ ತುಂಬಾ ಮೆಸ್ ಆಗಿದೆ ಅಲ್ವಾ,” ಎಂದರು. “ಜೋಡಿಸಿಟ್ಟು, ಒಂದೊಂದರ ಮೇಲೂ ಹೆಸರು ಹಾಕಿ. ಬರೋ ಸೋಮವಾರ ಬಂದು ನೋಡ್ತೀನಿ. ಇಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ನಾನು ಕೆಲಸ ಬೇರೆ ಕಡೆಗೆ ಕಳಿಸ್ಲೇಬೇಕಾಗುತ್ತೆ.”

ಮಾವನಿಗೆ ಕೆಲಸ ಕೊಡುವ ಬೇರೆ ಡಾಕ್ಟರೇ ಇಲ್ಲ. ಆ ಬಾಗಿಲು ಮುಚ್ಚಿದರೆ ಈ ಕೋಣೆಯೂ ಮುಚ್ಚಿದ ಹಾಗೆಯೇ. ಇಷ್ಟು ಗೊತ್ತಿದ್ದೂ ನನಗೆ ಆ ಕ್ಷಣ ತೋಚಿದ್ದು, ನನ್ನ ಪದವನ್ನು ಯಾರೋ ಕಣ್ಣೆದುರಿಗೇ ಬಳಸಿದರಲ್ಲ ಎಂದು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಊಟಕ್ಕೆ ಕೂತಾಗ ಮಾವನೇ ಕೇಳಿದರು. “ಅಲ್ಲ ಕಣೇ, ಆ ಡಾಕ್ಟರಮ್ಮ ಅಂದಿದ್ದು ಬೈಗುಳವಾ, ಬರೀ ಮಾತಾ?”

“ಮದುವೆ ಆದಾಗಿಂದ ನಾನೂ ಇದನ್ನೇ ಒದರ್ತಾ ಇದೀನಿ. ಇಂಗ್ಲಿಷಲ್ಲಿ ಹೇಳಿದ್ಮೇಲೆ ಕಿವಿಗೆ ಬಿತ್ತು ನೋಡು,” ಎಂದರು ಅತ್ತೆ.

“ಗಲೀಜು ಅಂತಾನಾ? ದಿನಾ ಗುಡಿಸ್ತೀನಲ್ಲ.”

“ಗಲೀಜು ಅಂತಲ್ಲ ಮಾವ. ಯಾವುದೂ ಅದರದರ ಜಾಗದಲ್ಲಿಲ್ಲ ಅಂತ.”

“ಅದಕ್ಕೆ ಯಾರು ಕಾರಣ ಅಂತ ಏನಾದ್ರೂ ಬರುತ್ತಾ ಆ ಮಾತಲ್ಲಿ?”

ವಿಚಿತ್ರ ಪ್ರಶ್ನೆ ಅನ್ನಿಸಿತು. ನಾನು ಯೋಚಿಸಿ ನೋಡಿದೆ. ಎಡವಟ್ಟು ಎಂದರೆ ಮಾಡಿದವನೊಬ್ಬ ಇರಬೇಕು. ಮೆಸ್ ಆಗಿದೆ ಎಂದರೆ ಯಾರೂ ಮಾಡದೆಯೂ ಆಗಿರಬಹುದು. “ಇಲ್ಲ ಮಾವ, ತಾನಾಗೇ ಆದ ಹಾಗೆ ಅಷ್ಟೆ,” ಎಂದೆ. ಮಾವ ತಲೆಯಾಡಿಸಿ, “ಒಳ್ಳೆ ಮಾತು ಅದು,” ಎಂದು ಕೈ ತೊಳೆಯಲು ಎದ್ದರು. ನಾನು ಇದನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡು ಹೋಗಿ ಹೇಳಿದರೆ ಸಂಪಾದಕರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಅಂದು ಸಂಜೆಯವರೆಗೆ ಬೇರೆ ಪದ ಮುಟ್ಟಲಿಲ್ಲ ನಾವು. ಕೊನೆಗೆ ಒಂದೇ ಅರ್ಥ ಕೊಡುವ ಹಟ ಬಿಟ್ಟು, ಸಂದರ್ಭಕ್ಕೊಂದರಂತೆ ಉದಾಹರಣೆ ವಾಕ್ಯಗಳನ್ನು ಬರೆದು ಆ ನಮೂದನ್ನು ಅಚ್ಚಿಗೆ ಕಳಿಸಿದೆವು.

ಪದದ ಕೆಲಸ ಮುಗಿಯಿತು, ಕೋಣೆಯದು ಹಾಗೇ ಇತ್ತು. ಸೋಮವಾರ ಹತ್ತಿರ ಬರುತ್ತಿದ್ದರೂ ಮಾವ ಒಂದು ಅಚ್ಚನ್ನೂ ಕದಲಿಸಲಿಲ್ಲ. ಮಾಡೋಣ ಮಾಡೋಣ ಅನ್ನುವರು, ಟೀ ಕುಡಿಯುವರು. ಶನಿವಾರ ಮೇಣ ತರುತ್ತೇನೆಂದು ದೂರದ ಮಾರುಕಟ್ಟೆಗೆ ಹೊರಟಾಗ ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಮಾವ ಬೀದಿ ತಿರುವು ದಾಟುವುದೇ ತಡ, ಇಬ್ಬರೂ ತಲೆಗೆ ಬಟ್ಟೆ ಕಟ್ಟಿಕೊಂಡು ಒಳಗೆ ನುಗ್ಗಿದೆವು.

ನಮ್ಮ ಕೆಲಸ ನೋಡಿದ್ದರೆ ನೀವೂ ಶಹಬ್ಬಾಸ್ ಅನ್ನುತ್ತಿದ್ದಿರಿ. ಮೇಲ್ದವಡೆಗಳೆಲ್ಲ ಒಂದು ಗೋಡೆಯ ಕಪಾಟಿಗೆ, ಕೆಳದವಡೆಗಳೆಲ್ಲ ಎದುರು ಗೋಡೆಯ ಕಪಾಟಿಗೆ. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ. ಒಂದೊಂದನ್ನೂ ಒದ್ದೆ ಬಟ್ಟೆಯಿಂದ ಒರೆಸಿದೆವು. ನೆಲ ಕಂಡಿತು. ನೆಲಕ್ಕೆ ಕೆಂಪು ಬಣ್ಣ ಇದೆಯೆಂದು ನನಗೆ ಅವತ್ತೇ ಗೊತ್ತಾದದ್ದು. ಅತ್ತೆ ಸೊಂಟಕ್ಕೆ ಕೈಯಿಟ್ಟು, “ಇನ್ನು ಅವರು ಬಂದು ಒಂದೊಂದಕ್ಕೂ ಹೆಸರು ಹೇಳ್ಲಿ, ನಾನು ಬರೀತೀನಿ,” ಎಂದು ಕಿವಿ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡರು.

ಒಬ್ಬರ ಮೇಲ್ದವಡೆಯನ್ನೂ ಕೆಳದವಡೆಯನ್ನೂ ಬೇರೆ ಮಾಡಿದರೆ ಜೋಡಿ ಮುರಿಯುತ್ತದೆ ಎಂಬುದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ಬರೀ ಸೈಜು ನೋಡಿದ್ದೆವು. ನನಗೆ ಅದು ಹೊಳೆದದ್ದು ಮಾವ ಬಾಗಿಲಲ್ಲಿ ಕಾಣಿಸಿಕೊಂಡ ಮೇಲೆ. ಬೈಗುಳಕ್ಕೆ ಬೆನ್ನು ಕೊಟ್ಟು ನಿಂತೆ.

ಮಾವ ಎರಡೂ ಗೋಡೆಗಳನ್ನು ನೋಡಿದರು. ಮೇಣದ ಪೊಟ್ಟಣವನ್ನು ಬೆಂಚಿನ ಮೇಲಿಟ್ಟರು. “ಎಲ್ಲಾ ಬೆರೆಸಿಬಿಟ್ರಾ?” ಎಂದರು. ನಾನು ಹೂಂ ಎಂದೆ. “ಹೋಗ್ಲಿ ಬಿಡು,” ಎಂದು ನಕ್ಕರು. ಅವರ ಮುಖದಲ್ಲಿ ನಿರಾಳ ಎದ್ದು ಕಾಣುತ್ತಿತ್ತು.

ಸಿಟ್ಟು ಬರಬೇಕಾದ ಕಡೆ ಸಿಟ್ಟು ಬರದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಜೀವಮಾನದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಹಾಳುಮಾಡಿದವಳಿಗೆ ಹೋಗ್ಲಿ ಬಿಡು ಅನ್ನುತ್ತಾರೆಂದರೆ ಏನೋ ಇದೆ ಎಂದು ಭಾನುವಾರ ಬೆಳಿಗ್ಗೆಯೇ ಮತ್ತೆ ಹೋದೆ. ನಾನು ಹೋದಾಗ ಬ್ಯಾಂಡಿನ ತುತ್ತೂರಿಯಣ್ಣ ಬಂದು ಕೂತಿದ್ದರು. ಊರಿನ ಬ್ಯಾಂಡಿನಲ್ಲಿ ತುತ್ತೂರಿ ಊದುವ ಅವರ ಮೇಲಿನ ಸೆಟ್ ನಡುವೆ ಸೀಳಿತ್ತು. ಹಲ್ಲಿಲ್ಲದೆ ಊದಿದರೆ ಬರೀ ಗಾಳಿ ಬರುತ್ತದೆ ಎಂದು ಒಂದು ಸಲ ಊದಿಯೂ ತೋರಿಸಿದರು. ಅತ್ತೆ ಒಳಗಿನಿಂದ, “ಒಲೆ ಮೇಲಿನ ಹಾಲು ಉಕ್ತಾ ಇದೆ ಅಂದ್ಕೊಂಡೆ,” ಎಂದರು.

ಮಾವ ಕಪಾಟಿನ ಮುಂದೆ ನಿಂತು, ತುತ್ತೂರಿಯಣ್ಣನ ಕಡೆಗೊಮ್ಮೆ ನೋಡಿ, ಒಂದು ಅಚ್ಚು ತೆಗೆದರು, ಇಟ್ಟರು. ಇನ್ನೊಂದು ತೆಗೆದರು, ಇಟ್ಟರು. ಮತ್ತೆ ಮೊದಲಿನದನ್ನೇ ತೆಗೆದು, ಹೊಸದೊಂದು ಸಿಕ್ಕ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, “ನಮ್ಮ ಹುಡುಗಿ ಎಲ್ಲಾ ಕ್ಲೀನ್ ಮಾಡಿಬಿಟ್ಟಿದಾಳೆ ಕಣಯ್ಯ. ಅದಕ್ಕೇ ಸಿಗ್ತಿಲ್ಲ. ನಾಳೆ ಬಾ,” ಎಂದರು.

ನನ್ನ ತಲೆಗೆ ಕಟ್ಟಿದ್ದಕ್ಕೆ ರೇಗಿಹೋಯಿತು. ಮೇಲ್ದವಡೆ ಹುಡುಕುವುದಕ್ಕೆ ಕೆಳದವಡೆಯ ಜೋಡಿ ಯಾಕೆ ಬೇಕು? ಬಾಯೇ ಹೇಳುತ್ತೆ ಅಂತಿದ್ದರಲ್ಲ. ತುತ್ತೂರಿಯಣ್ಣ ಹೊರಟ ಮೇಲೆ ನಾನು ಆ ಒಡೆದ ಸೆಟ್‌ನ ಎರಡು ಹೋಳನ್ನೂ ಜೋಡಿಸಿ ಹಿಡಿದು, ಮಾವ ಎರಡು ಸಲ ತೆಗೆದಿಟ್ಟ ಅಚ್ಚಿನ ಮೇಲೆ ಕೂರಿಸಿದೆ. ಸಲೀಸಾಗಿ ಕೂತಿತು. ಅದು ಅವರದ್ದೇ ದವಡೆ. ಮಾವನ ಕೈ ಮೊದಲು ಹೋದದ್ದೂ ಅದಕ್ಕೇ, ಆದರೆ ಅವರಿಗೆ ಅದು ಅದೇ ಎಂದು ಗೊತ್ತಾಗಿರಲಿಲ್ಲ.

ಮಾವ ನನ್ನನ್ನೇ ನೋಡುತ್ತಿದ್ದರು. ಸುಳ್ಳು ಹೇಳುವ ಮನುಷ್ಯ ಅಲ್ಲ ಅವರು, ಬಾಗಿಲು ಒಂದಿಷ್ಟು ಮುಂದೆ ಮಾಡಿದರು.

“ಗುರುತು ಸಿಗ್ತಿಲ್ಲ ಕಣೇ. ಸುಮಾರು ದಿನ ಆಯ್ತು. ಎಲ್ಲಾ ಒಂದೇ ಥರ, ಬರೀ ಬಿಳಿ ಪ್ಲಾಸ್ಟರ್. ಮನುಷ್ಯರು ಗೊತ್ತಾಗ್ತಾರೆ, ದವಡೆ ಗೊತ್ತಾಗಲ್ಲ.”

“ಕಣ್ಣಿಂದೇನಾದ್ರೂ ತೊಂದ್ರೆನಾ ಮಾವ?”

“ಸೂಜಿಗೆ ನಾನೇ ದಾರ ಹಾಕ್ಕೊಡ್ತೀನಿ ನಿಮ್ಮತ್ತೆಗೆ. ಕಣ್ಣಲ್ಲ.” ಬೆಂಚಿನ ಬಳಿ ಕೂತುಕೊಂಡರು. “ಮೊದಮೊದಲು ರಾಶಿ ಜಾಸ್ತಿ ಆಯ್ತಲ್ಲ, ಅದಕ್ಕೇ ಸಿಗ್ತಿಲ್ಲ ಅಂದ್ಕೊಂಡೆ. ಆಮೇಲೆ ರಾಶಿ ಇರೋದೇ ವಾಸಿ ಅನ್ನಿಸ್ತು. ಮೆಸ್ ಅಂದ್ಬಿಟ್ರೆ ಅಲ್ಲಿಗೆ ಮುಗೀತು ನೋಡು, ಯಾಕೆ ಅಂತ ಯಾರೂ ಕೇಳಲ್ಲ. ಜೋಡಿಸಿ ಇಟ್ರೆ ನಾನು ಹೆಸರು ಹೇಳ್ಬೇಕಲ್ಲ.”

ನಾನು ಆ ಪದದ ಹಿಂದೆ ಬಿದ್ದು ಎಷ್ಟು ತಲೆ ಕೆಡಿಸಿಕೊಂಡಿದ್ದೆ. ಅದರ ಹಿಂದೆ ಒಬ್ಬ ಮನುಷ್ಯ ಹೀಗೆ ಅವಿತುಕೊಳ್ಳಬಹುದೆಂದು ನನಗೆ ಒಂದು ಸಲವೂ ಹೊಳೆಯಲಿಲ್ಲ. ನನಗೆ ಅಳು ಬಂತು. ಅಳು ಬಂದರೆ ನಾನು ಜಗಳ ಆಡುತ್ತೇನೆ. “ಅತ್ತೆಗೂ ಹೇಳದೆ ಇಷ್ಟು ದಿನ ಒಬ್ಬರೇ ಇಟ್ಕೊಂಡಿದ್ರಲ್ಲ, ಏನನ್ಬೇಕು ನಿಮಗೆ,” ಎಂದು ದಬಾಯಿಸಿದೆ.

ಅತ್ತೆ ಬಾಗಿಲ ಆಚೆಯೇ ಇದ್ದರಂತೆ. ಒಳಗೆ ಬಂದರು. ಮಾವನ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. “ದವಡೆ ಹೇಳದಿದ್ರೆ ದವಡೆ ಇರೋರನ್ನೇ ಕೇಳಿದ್ರಾಯ್ತು. ಎಲ್ರನ್ನೂ ನಾಳೆ ಬರೋಕೆ ಹೇಳೋಣ. ಬಾಯಲ್ಲಿರೋ ಸೆಟ್ ತೆಗೆದು ಅಚ್ಚಿನ ಮೇಲೆ ಕೂರಿಸಿ ನೋಡ್ಲಿ. ಯಾರದಕ್ಕೆ ಕೂರುತ್ತೋ ಅವರ ಹೆಸರು ಬರೆಯೋದು,” ಎಂದರು. ತುತ್ತೂರಿಯಣ್ಣನಿಗೆ ಹೇಳಿ ಕಳಿಸಿದೆವು. ಅವರಿಗೆ ಒಂದು ವಿಷಯ ಹೇಳಿದರೆ ಸಾಕು, ಊರಿಗೆ ಬೇರೆ ಟಾಂಟಾಂ ಬೇಕಿಲ್ಲ.

ಸೋಮವಾರ ನಾನು ರಜೆ ಹಾಕಿದೆ. ಬೆಳಗಾಗುತ್ತಲೇ ಜಗುಲಿ ತುಂಬಿತು. ಎಂದೋ ಹಲ್ಲು ಕಟ್ಟಿಸಿಕೊಂಡ ಮಾಸ್ತರರು, ತರಕಾರಿಯಮ್ಮ, ಬಸ್ಸಿನ ಹಳೇ ಕಂಡಕ್ಟರು, ಒಸಡು ಹುಣ್ಣಾಗಿದ್ದ ಆ ಅಜ್ಜಿ, ಎಲ್ಲರೂ ತಮ್ಮ ತಮ್ಮ ಹಲ್ಲನ್ನು ಕೈಯಲ್ಲಿ ಹಿಡಿದುಕೊಂಡು ಕಪಾಟಿನ ಮುಂದೆ ಚಪ್ಪಲಿ ಅಂಗಡಿಯಲ್ಲಿ ಸೈಜು ನೋಡಿದ ಹಾಗೆ ಅಚ್ಚು ಬದಲಾಯಿಸಿ ನೋಡುತ್ತಿದ್ದರು. ಹಲ್ಲಿಲ್ಲದ ಬಾಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರೆ ಒಂದಕ್ಷರ ತಿಳಿಯಬೇಕಲ್ಲ. ಕಂಡಕ್ಟರು ಏನೋ ಹೇಳಿದರು, ಮಾಸ್ತರರು ಇನ್ನೇನೋ ಎಂದುಕೊಂಡು ಮುಖ ಊದಿಸಿಕೊಂಡರು. ಸೆಟ್ ಕೂತಾಗ ಟಕ್ ಎಂದು ಒಂದು ಸದ್ದು. ಕೂಡಲೇ ಅತ್ತೆ ಪೆನ್ಸಿಲ್ ಹಿಡಿದು ಹೆಸರು ಬರೆಯುವರು. ಮಾವ ಬೆಂಚಿನ ಬಳಿ ಸುಮ್ಮನೆ ಕೂತಿದ್ದರು, ಅವರ ಕೆಲಸವನ್ನು ಊರೆಲ್ಲ ಮಾಡುತ್ತಿತ್ತು.

ಡಾಕ್ಟರಮ್ಮ ಬಂದದ್ದು ಇದರ ನಡುವೆ. ನೂಕುನುಗ್ಗಲು ನೋಡಿ ಬಾಗಿಲಲ್ಲೇ ನಿಂತರು. ಮೊದಲ ಸಲಕ್ಕಿಂತ ಈಗ ಆ ಪದ ಹೆಚ್ಚು ಸಲ್ಲುತ್ತಿತ್ತು, ಆದರೆ ಅವರು ಹೇಳಲಿಲ್ಲ. ನಾನು ಏನಾದರೊಂದು ಸಬೂಬು ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಮಾವ ಎದ್ದರು.

“ಡಾಕ್ಟರಮ್ಮ, ಸೆಟ್ ಅದಲುಬದಲಾಗಿದ್ದು ಕೋಣೆಯಿಂದಲ್ಲ, ನನ್ನಿಂದ. ದವಡೆ ನೋಡಿದ್ರೆ ಯಾರದು ಅಂತ ನನಗೀಗ ತಿಳಿಯೋದಿಲ್ಲ. ಹೇಳೋಕೆ ನಾಚಿಕೆ ಆಗಿ ಸುಮ್ಮನಿದ್ದೆ.”

ಡಾಕ್ಟರಮ್ಮ ಒಂದು ಅಚ್ಚು, ಒಂದಿಷ್ಟು ಮೇಣ, ಒಂದು ಸಾಲು ಹಲ್ಲು ತೆಗೆದು ಅವರ ಮುಂದಿಟ್ಟು, ಕೂರಿಸಿ ತೋರಿಸಿ ಎಂದರು. ಮಾವ ದೀಪದಲ್ಲಿ ಮೇಣ ಕಾಯಿಸಿ ಹಲ್ಲು ನಿಲ್ಲಿಸತೊಡಗಿದರು. ಬೆರಳು ಎಲ್ಲೂ ತಡವರಿಸಲಿಲ್ಲ. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಹಲ್ಲು ಕೂರಿಸೋದು ನಿಮ್ಮ ಕೆಲಸ, ಅದು ಚೆನ್ನಾಗೇ ಇದೆ. ಯಾರ ಬಾಯಿ ಅನ್ನೋದು ಇನ್ಮೇಲೆ ನಾನೇ ಬರೆದು ಕಳಿಸ್ತೀನಿ. ವಾಪಸ್ ಬಂದ್ಮೇಲೆ ನಾನೇ ನೋಡಿ ಕೊಡ್ತೀನಿ,” ಎಂದರು. “ಆದ್ರೆ ಈ ವಾರ ನನ್ನ ಜೊತೆ ತಲೆ ಡಾಕ್ಟರ ಹತ್ರ ಬರ್ಬೇಕು. ಇದಕ್ಕೆ ನೀವು ಒಪ್ಪಿದ್ರೆ ಮಾತ್ರ ಕೆಲಸ ಕಳಿಸ್ತೀನಿ.” ಎಷ್ಟು ದಿನ ಹೀಗೆ ನಡೆಯುತ್ತದೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮಾವ ಒಪ್ಪಿದರು.

ಮಧ್ಯಾಹ್ನಕ್ಕೆ ಜಗುಲಿ ಬರಿದಾಯಿತು. ತೀರಿಕೊಂಡವರ ಸೆಟ್‌ಗಳನ್ನು ಅವರ ಮನೆಯವರು ತಂದಿದ್ದರು, ಅವು ಕೂತ ಅಚ್ಚುಗಳನ್ನು ಕೇಳಿದರೆ ಕೊಡುವುದೆಂದು ಬೇರೆ ಇಟ್ಟೆವು. ಹೆಸರಿದ್ದವು ಜೋಡಿ ಜೋಡಿಯಾಗಿ ಕಪಾಟು ಸೇರಿದವು. ಬೆಂಚಿನ ಮೇಲೆ ಒಂದೇ ಒಂದು ಜೋಡಿ ಉಳಿಯಿತು. ಚಿಕ್ಕದು, ಅಂಚೆಲ್ಲ ಹಳದಿಗಟ್ಟಿತ್ತು. ಮಾವ ಅದನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡಿದರು.

“ಇದು ಯಾರೋ ಹೊರಗಿನೋರದ್ದು. ಬಂದಿಲ್ಲ ಅಂದ್ರೆ ಇಲ್ಲಿಲ್ಲ ಅಂತ ಕಾಣುತ್ತೆ. ಬಿಸಾಕ್ಲಾ?”

ಅತ್ತೆ ಪೆನ್ಸಿಲ್ ಕೆಳಗಿಟ್ಟರು. ಗೋಡೆಯ ಕಡೆ ತಿರುಗಿ ನಿಂತು, ಬಾಯಿಗೆ ಕೈ ಹಾಕಿ, ಮೇಲಿನ ಸೆಟ್ ತೆಗೆದರು. ಆಮೇಲೆ ಕೆಳಗಿನದು. ಅತ್ತೆಯದು ಕಟ್ಟಿಸಿದ ಹಲ್ಲೆಂದು ಈ ವಯಸ್ಸಿನವರೆಗೂ ನನಗೆ ಗೊತ್ತಿರಲಿಲ್ಲ, ಅಷ್ಟು ಚೆನ್ನಾಗಿ ಮಾಡಿದ್ದರು ಮಾವ. ಅತ್ತೆ ತಿರುಗಿ ಬಂದು ಎರಡನ್ನೂ ಮಾವನ ಕೈಯಲ್ಲಿದ್ದ ಅಚ್ಚಿನ ಮೇಲೆ ಇಟ್ಟು ಒತ್ತಿದರು. ಟಕ್ ಎಂದಿತು.

ಮಾವ ಅಚ್ಚು ನೋಡಿದರು, ಅತ್ತೆಯ ಗುಳಿಬಿದ್ದ ಕೆನ್ನೆ ನೋಡಿದರು.

“ನಿಂದಾ?”

“ನಂದೇ.”

“ನಿಂದೂ ತಿಳೀಲಿಲ್ವಲ್ಲೇ ನಂಗೆ.” ಇಷ್ಟು ಹೊತ್ತು ಊರಿನ ಮುಂದೆ ನೆಟ್ಟಗೆ ನಿಂತಿದ್ದ ಮನುಷ್ಯ ಮಗುವಿನ ಹಾಗೆ ಅತ್ತುಬಿಟ್ಟರು.

ಅತ್ತೆ ಪೆನ್ಸಿಲ್ ತೆಗೆದು ಅವರ ಬೆರಳ ಸಂದಿಯಲ್ಲಿಟ್ಟರು. “ಇದೊಂದಕ್ಕೆ ನೀವೇ ಬರೀರಿ.”

“ಏನಂತ ಬರೀಲಿ?”

“ನೀವು ಏನಂತ ಕರೀತೀರೋ ಅದನ್ನೇ.”

ಮಾವ ಪೆನ್ಸಿಲ್ ಹಿಡಿದು ಸುಮ್ಮನೆ ನಿಂತರು. ತುಂಬ ಹೊತ್ತು ನಿಂತರು. ಆ ಹೆಸರೂ ಮರೆತುಹೋಯಿತೇನೋ ಎಂದು ನನಗೆ ಹೆದರಿಕೆಯಾಯಿತು. ಅತ್ತೆ ಮಾತ್ರ ಅವಸರ ಮಾಡಲಿಲ್ಲ. ಕೊನೆಗೆ ಮಾವ ಬಗ್ಗಿ, ಪ್ಲಾಸ್ಟರಿನ ಅಂಚಿನ ಮೇಲೆ ನಿಧಾನವಾಗಿ ಬರೆದರು. ಇಬ್ಬರೇ ಇದ್ದಾಗ ಕರೆಯುವ ಹೆಸರು ಅದು. ನಾನು ಓದಿದೆ, ಓದಬಾರದಿತ್ತು ಅನ್ನಿಸಿ ಕಿಟಕಿ ಕಡೆ ತಿರುಗಿಕೊಂಡೆ. ಅತ್ತೆ ಆ ಹೆಸರನ್ನು ಓದಿ, ಹಲ್ಲಿಲ್ಲದ ಬಾಯಿ ಬಿಟ್ಟು, ಕೈ ಅಡ್ಡ ಹಿಡಿಯದೆ ನಕ್ಕರು.